ಮೊಲೆ ತುಂಬಲಿ ಎಂದು ಕಾದರೆ ಹಾಲು ಹೆಚ್ಚುವುದಿಲ್ಲ

ಪ್ರಶ್ನೆ: ನನ್ನ ಮಗಳಿಗೆ ಈಗ ಐದು ವಾರ. 36ನೇ ವಾರಕ್ಕೇ ಹುಟ್ಟಿದವಳು. ಈಗಿನ ತೂಕ 3 ಕಿಲೋ. ಮೊಲೆಗೆ ಹಾಕಿಕೊಂಡರೆ ಎರಡು ನಿಮಿಷ ಚೀಪಿ ನಿದ್ದೆ ಹೋಗುತ್ತಾಳೆ. ಹೀಗಾಗಿ ಪಂಪ್ ಮಾಡಿ ಬಾಟಲಿಯಲ್ಲಿ ಕುಡಿಸುತ್ತಿದ್ದೇನೆ. ದಿನಕ್ಕೆ ಐದು ಸಲ, ಒಂದೊಂದು ಮೊಲೆಯಿಂದ ಹತ್ತು ಹದಿನೈದು ನಿಮಿಷ ತೆಗೆಯುತ್ತೇನೆ. ಮೊಲೆ ಚೆನ್ನಾಗಿ ತುಂಬಲಿ ಎಂದು ನಾಲ್ಕೈದು ಗಂಟೆ ಕಾಯುತ್ತೇನೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಪಂಪ್ ಮಾಡುವುದಿಲ್ಲ. ಎಲ್ಲ ಸೇರಿ 320ರಿಂದ 350 ಮಿ.ಲೀ. ಸಿಗುತ್ತದೆ, ಉಳಿದದ್ದಕ್ಕೆ ಫಾರ್ಮುಲಾ (ಡಬ್ಬಿಯ ಹಾಲು) ಕೊಡುತ್ತಿದ್ದೇನೆ. ಗೆಳತಿಯೊಬ್ಬಳಿಗೆ ಒಂದೇ ಸಲಕ್ಕೆ 150 ಮಿ.ಲೀ. ಬರುತ್ತದಂತೆ. ನೀರು ಸಾಕಷ್ಟು ಕುಡಿಯುತ್ತಿದ್ದೇನೆ, ಹಾಲು ಹೆಚ್ಚಿಸುವ ಪುಡಿಯನ್ನೂ ತೆಗೆದುಕೊಳ್ಳುತ್ತಿದ್ದೇನೆ. ಇನ್ನೇನು ತಿನ್ನಬೇಕು? ಪಂಪ್ ಮಾಡಿಯೇ ಮಗುವಿಗೆ ಸಾಕಾಗುವಷ್ಟು ಹಾಲು ಬರುವುದುಂಟೆ?

ಉತ್ತರ: ಏನು ತಿನ್ನಬೇಕೆಂದು ನೀವು ಕೇಳಿದ್ದೀರಿ. ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಮಾತ್ರ ಬೇರೊಂದು ಸಾಲಿನ ಮೇಲೆ: ಮೊಲೆ ಚೆನ್ನಾಗಿ ತುಂಬಲಿ ಎಂದು ನಾಲ್ಕೈದು ಗಂಟೆ ಕಾಯುತ್ತೇನೆ ಎಂದಿದ್ದೀರಿ. ಕಾದರೆ ಹೆಚ್ಚು ಸಿಗುತ್ತದೆ ಎನ್ನುವುದು ಸಹಜವಾದ ಎಣಿಕೆಯೇ. ಆ ಒಂದು ಸಲಕ್ಕೆ ಹೆಚ್ಚು ಸಿಗುವುದೂ ನಿಜ. ಆದರೆ ಹಾಗೆ ಕಾದ ಪ್ರತಿ ಗಂಟೆಯೂ ಇಡೀ ದಿನದ ಹಾಲನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬರುತ್ತದೆ. ನಿಮ್ಮ ತೊಂದರೆಯ ದೊಡ್ಡ ಪಾಲು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಹಾಗಾಗಿ ಊಟದ ಮಾತಿಗೆ ಆಮೇಲೆ ಬರುತ್ತೇನೆ.

ಹೆರಿಗೆಯಾಗಿ ಮಾಸು ಹೊರಬಿದ್ದೊಡನೆ ತಾಯಿಯ ರಕ್ತದಲ್ಲಿ ಪ್ರೊಜೆಸ್ಟರಾನ್ ಹಾರ್ಮೋನು ಥಟ್ಟನೆ ಇಳಿಯುತ್ತದೆ. ಅದುವರೆಗೆ ಅದರ ಅಡ್ಡಿಯಿಂದ ಸುಮ್ಮನಿದ್ದ ಹಾಲಿನ ಕೋಶಗಳು ಪ್ರೊಲ್ಯಾಕ್ಟಿನ್ ಹಾರ್ಮೋನಿನ ಪ್ರಭಾವಕ್ಕೆ ಬಂದು, ಎರಡು ಮೂರು ದಿನಗಳಲ್ಲಿ ಹಾಲು ತುಂಬಿಕೊಳ್ಳುತ್ತದೆ. ತಾಯಿ ಕುಡಿಸಲಿ ಬಿಡಲಿ, ಇಷ್ಟು ತಾನಾಗಿಯೇ ನಡೆಯುತ್ತದೆ. ಅಲ್ಲಿಂದ ಮುಂದೆ ಲೆಕ್ಕ ಬದಲಾಗುತ್ತದೆ. ಎಷ್ಟು ಹಾಲು ತಯಾರಾಗಬೇಕೆಂಬುದನ್ನು ಹೆಚ್ಚಾಗಿ ಆಯಾ ಮೊಲೆಯೇ, ತನ್ನಿಂದ ಎಷ್ಟು ಹಾಲು ಹೊರಹೋಯಿತು ಎಂಬುದನ್ನು ನೋಡಿಕೊಂಡು ತೀರ್ಮಾನಿಸುತ್ತದೆ. ಹಾಲು ಒಳಗೇ ನಿಂತಾಗ ಅದರೊಳಗಿರುವ ಕೆಲವು ಅಂಶಗಳೂ, ಗ್ರಂಥಿಯ ಮೇಲೆ ಬೀಳುವ ಒತ್ತಡವೂ ಸೇರಿ ‘ಇನ್ನು ಸಾಕು’ ಎಂಬ ಸೂಚನೆಯನ್ನು ಕೋಶಗಳಿಗೆ ಕೊಡುತ್ತವೆ. ತುಂಬಿದ ಮೊಲೆಯಲ್ಲಿ ಹಾಲು ನಿಧಾನವಾಗಿ ತಯಾರಾಗುತ್ತದೆ, ಬರಿದಾದ ಮೊಲೆಯಲ್ಲಿ ಬೇಗ ಬೇಗ ತಯಾರಾಗುತ್ತದೆ. ಒಂದೇ ಮೊಲೆಯಿಂದ ಕುಡಿಸಿ ಇನ್ನೊಂದನ್ನು ಬಿಟ್ಟುಬಿಟ್ಟ ತಾಯಂದಿರಲ್ಲಿ ಬಿಟ್ಟ ಕಡೆಯ ಹಾಲು ಬತ್ತಿ, ಕುಡಿಸಿದ ಕಡೆ ಹರಿಯುತ್ತಲೇ ಇರುವುದನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಇಬ್ಬದಿಗೂ ಹರಿಯುವ ರಕ್ತ ಒಂದೇ, ಹಾರ್ಮೋನೂ ಒಂದೇ.

ಈಗ ನಿಮ್ಮ ದಿನವನ್ನು ಈ ದೃಷ್ಟಿಯಿಂದ ನೋಡಿ. ಐದು ಸಲ ಖಾಲಿಯಾಗುವ ಮೊಲೆ, ಉಳಿದ ಹೊತ್ತಿನ ಬಹುಪಾಲು ತುಂಬಿಯೇ ಇರುತ್ತದೆ. ರಾತ್ರಿಯ ಎಂಟು ಗಂಟೆಗಳಂತೂ, ಪ್ರೊಲ್ಯಾಕ್ಟಿನ್ ಸಹಜವಾಗಿ ಏರಿರುವ ಹೊತ್ತಿನಲ್ಲಿಯೇ, ಹಾಲು ಬೇಡವೆಂಬ ಸೂಚನೆ ಹೋಗುತ್ತಿದೆ. ಹೊಸದಾಗಿ ಹುಟ್ಟಿದ ಮಗು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಯುತ್ತದೆ. ಪಂಪ್ ಆ ಮಗುವಿನ ಬದಲಿಗೆ ನಿಂತಿರುವುದರಿಂದ ಅದೂ ಸುಮಾರು ಅಷ್ಟು ಸಲವೇ ಕೆಲಸ ಮಾಡಬೇಕು. ಆದ್ದರಿಂದ ನನ್ನ ಮೊದಲ ಸಲಹೆ: ಐದನ್ನು ಎಂಟು ಮಾಡಿ, ರಾತ್ರಿ ಒಂದು ಸಲವಾದರೂ ಎದ್ದು ತೆಗೆಯಿರಿ, ಎಂದೂ ಐದು ಗಂಟೆಗಿಂತ ಹೆಚ್ಚು ಅಂತರ ಬಿಡಬೇಡಿ.

ಎಂಟು ಸಲ ಎಂದೊಡನೆ ಮೂರು ಗಂಟೆಗೊಮ್ಮೆ ಅಲಾರಂ ಇಟ್ಟುಕೊಂಡು ಒದ್ದಾಡುವ ತಾಯಂದಿರನ್ನು ನಾನು ಸಾಕಷ್ಟು ಕಂಡಿದ್ದೇನೆ. ಅಷ್ಟು ಕಟ್ಟುನಿಟ್ಟು ಬೇಕಿಲ್ಲ. ಎಣಿಸಬೇಕಾದದ್ದು 24 ಗಂಟೆಯಲ್ಲಿ ಎಷ್ಟು ಸಲ ಎಂಬುದನ್ನು. ಬೆಳಿಗ್ಗೆ ಐದೂವರೆಗೆ ಒಮ್ಮೆ, ಏಳೂವರೆಗೆ ಇನ್ನೊಮ್ಮೆ, ಹತ್ತಕ್ಕೆ ಮತ್ತೊಮ್ಮೆ ಎಂದು ಹಾಲು ಹೆಚ್ಚಿರುವ ಬೆಳಗಿನ ಹೊತ್ತಿನಲ್ಲಿ ಹತ್ತಿರ ಹತ್ತಿರ ತೆಗೆದು, ಮಧ್ಯಾಹ್ನದಿಂದ ರಾತ್ರಿ ಹತ್ತರವರೆಗೆ ನಾಲ್ಕು ಸಲ, ರಾತ್ರಿ ಎರಡರ ಹೊತ್ತಿಗೆ ಒಂದು ಸಲ ಇಟ್ಟುಕೊಂಡರೆ ಎಂಟಾಯಿತು. ನಡುವೆ ಮೂರು, ಮೂರೂವರೆ ಗಂಟೆಯ ನಿದ್ದೆ ಎರಡು ಸಲ ಸಿಗುತ್ತದೆ. ಯಾವುದೋ ಒಂದು ಹೊತ್ತು ತಪ್ಪಿದರೆ ಮುಂದಿನದನ್ನು ಒಂದು ಗಂಟೆ ಮುಂಚೆ ಮಾಡಿ. ತಪ್ಪಿತಲ್ಲ ಎಂದು ಕೊರಗುವುದರಿಂದ ಒಂದು ಹನಿಯೂ ಹೆಚ್ಚುವುದಿಲ್ಲ.

ಎರಡು ಮೊಲೆಗಳಿಂದ ಒಂದಾದ ಮೇಲೊಂದರಂತೆ ತೆಗೆಯುವುದನ್ನು ಬಿಟ್ಟು, ಎರಡಕ್ಕೂ ಒಟ್ಟಿಗೇ ಹಾಕಿಕೊಳ್ಳುವ ವಿದ್ಯುತ್ ಪಂಪ್ ಬಳಸಲು ಸಾಧ್ಯವಾದರೆ ಸಮಯ ಅರ್ಧಕ್ಕೆ ಇಳಿಯುತ್ತದೆ. ಹಾಲು ಇಳಿಯುವುದು, ಅಂದರೆ ತೊಟ್ಟಿನತ್ತ ಹರಿದು ಬರುವುದು, ಎರಡೂ ಕಡೆ ಏಕಕಾಲಕ್ಕೆ. ಒಂದೇ ಕಡೆ ಪಂಪ್ ಇದ್ದರೆ ಇನ್ನೊಂದು ಕಡೆಯದು ಬಟ್ಟೆಗೆ ಸೋರಿ ಹೋಗುತ್ತದೆ, ಇಲ್ಲವೆ ಒಳಗೇ ಉಳಿಯುತ್ತದೆ. ಒಂದು ಸಲಕ್ಕೆ ಹದಿನೈದರಿಂದ ಇಪ್ಪತ್ತು ನಿಮಿಷ ಸಾಕು. ಹನಿ ನಿಂತ ಮೇಲೂ ಎರಡು ನಿಮಿಷ ಮುಂದುವರಿಸಿ ನಿಲ್ಲಿಸಿ. ಒಮ್ಮೆಲೇ ನಲವತ್ತೈದು ನಿಮಿಷ ಕೂರುವುದಕ್ಕಿಂತ ಹದಿನೈದು ನಿಮಿಷದಂತೆ ಮೂರು ಸಲ ಕೂರುವುದು ಮೇಲು. ಬಟ್ಟೆಯೊಳಗೆ ಇಟ್ಟುಕೊಂಡು ಓಡಾಡುವಂಥ ಪುಟ್ಟ ಪಂಪುಗಳು ಹೊರಗೆ ಹೋದಾಗ ಅನುಕೂಲವೇನೋ ಸರಿ, ಆದರೆ ಹಾಲು ಹೆಚ್ಚಿಸಿಕೊಳ್ಳಬೇಕಾದ ಈ ವಾರಗಳಲ್ಲಿ ಅದೊಂದನ್ನೇ ನೆಚ್ಚಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಹಲವರಲ್ಲಿ ಅದು ಮೊಲೆಯನ್ನು ಪೂರ್ತಿ ಬರಿದು ಮಾಡುವುದಿಲ್ಲ. ಆಸ್ಪತ್ರೆಗಳಲ್ಲಿ ಬಳಸುವ ದೊಡ್ಡ ಪಂಪ್ ಬಾಡಿಗೆಗೆ ಸಿಗುವಂತಿದ್ದರೆ ಒಂದು ತಿಂಗಳ ಮಟ್ಟಿಗೆ ತೆಗೆದುಕೊಂಡು ನೋಡಬಹುದು.

ಪಂಪಿನ ವಿಷಯ ಬಂದದ್ದರಿಂದ, ಯಾರೂ ಹೆಚ್ಚು ಗಮನಿಸದ ಒಂದು ಭಾಗದ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಮೊಲೆಗೆ ತಾಗುವ ಆಲಿಕೆಯಂಥ ಭಾಗವನ್ನು ಫ್ಲ್ಯಾಂಜ್ ಎನ್ನುತ್ತಾರೆ. ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ 24 ಮಿ.ಮೀ.ನದ್ದು ಇರುತ್ತದೆ, ಎಲ್ಲರೂ ಅದನ್ನೇ ಬಳಸುತ್ತಾರೆ. ಎಲ್ಲರ ಪಾದಕ್ಕೂ ಒಂದೇ ಅಳತೆಯ ಚಪ್ಪಲಿ ಕೊಟ್ಟಂತೆ ಇದು. ಪಂಪ್ ಮಾಡುವ ಮುಂಚೆ ತೊಟ್ಟಿನ ಬುಡದ ಅಗಲವನ್ನು, ಸುತ್ತಲಿನ ಕಪ್ಪು ಭಾಗವನ್ನು ಸೇರಿಸಿಕೊಳ್ಳದೆ, ಸ್ಕೇಲಿನಿಂದ ಮಿಲಿಮೀಟರಿನಲ್ಲಿ ಅಳೆಯಿರಿ. ಅದಕ್ಕಿಂತ ಒಂದರಿಂದ ಮೂರು ಮಿ.ಮೀ. ದೊಡ್ಡದಾದ ಕೊಳವೆ ಇರುವ ಫ್ಲ್ಯಾಂಜಿನಿಂದ ಪ್ರಾರಂಭಿಸಿ. ಎಡಕ್ಕೂ ಬಲಕ್ಕೂ ಅಳತೆ ಬೇರೆಯಾಗಿರಬಹುದು. ಫ್ಲ್ಯಾಂಜ್ ದೊಡ್ಡದಾದರೆ ತೊಟ್ಟಿನ ಜೊತೆಗೆ ಸುತ್ತಲಿನ ಚರ್ಮವೂ ಕೊಳವೆಯೊಳಗೆ ಎಳೆದುಕೊಂಡು ಊದುತ್ತದೆ, ಹಾಲಿನ ನಾಳಗಳು ಅಮುಕಿ ಹರಿವು ತಗ್ಗುತ್ತದೆ. ಚಿಕ್ಕದಾದರೆ ತೊಟ್ಟು ಕೊಳವೆಯ ಗೋಡೆಗೆ ಉಜ್ಜಿ ಉರಿಯುತ್ತದೆ, ತುದಿ ಬಿಳಿಚಿಕೊಳ್ಳುತ್ತದೆ, ಕೆಲವೊಮ್ಮೆ ಬಿರಿಯುತ್ತದೆ. ಸರಿಯಾದ ಅಳತೆಯದಾದರೆ ತೊಟ್ಟು ಮಾತ್ರ ಸರಾಗವಾಗಿ ಹಿಂದೆ ಮುಂದೆ ಆಡುತ್ತಿರುತ್ತದೆ, ನೋವಿರುವುದಿಲ್ಲ. ಈ ಒಂದು ಬದಲಾವಣೆಯಿಂದಲೇ ಅದೇ ಪಂಪಿನಲ್ಲಿ ಹಾಲು ಹೆಚ್ಚು ಬಂದದ್ದನ್ನು ಕಂಡಿದ್ದೇನೆ.

ಎಳೆತದ ಬಲವನ್ನು ಪೂರ್ತಿ ಏರಿಸಿದರೆ ಹಾಲು ಹೆಚ್ಚು ಬರುತ್ತದೆ ಎಂಬುದೂ ತಪ್ಪು. ನೋವಾದರೆ ಹಾಲು ಹರಿದು ಬರುವುದೇ ನಿಲ್ಲುತ್ತದೆ. ಬಲವನ್ನು ನಿಧಾನವಾಗಿ ಏರಿಸುತ್ತ ಹೋಗಿ, ಅಹಿತವೆನಿಸಿದ ಕೂಡಲೇ ಒಂದು ಮೆಟ್ಟಿಲು ಇಳಿಸಿ. ಅದೇ ನಿಮ್ಮ ಮಟ್ಟ. ಪಂಪಿನ ಒಳಗಿರುವ ರಬ್ಬರಿನಂಥ ಪುಟ್ಟ ವಾಲ್ವುಗಳು ದಿನವೂ ಬಳಸಿದರೆ ಒಂದೆರಡು ತಿಂಗಳಲ್ಲಿ ಸಡಿಲವಾಗಿ ಎಳೆತ ಕುಗ್ಗುತ್ತದೆ. ಚೆನ್ನಾಗಿ ಬರುತ್ತಿದ್ದ ಹಾಲು ಕಾರಣವಿಲ್ಲದೆ ಎರಡೇ ದಿನದಲ್ಲಿ ಕಡಿಮೆಯಾಯಿತು ಎನ್ನುವವರಿಗೆ ನಾನು ಮೊದಲು ಕೇಳುವುದು ವಾಲ್ವ್ ಯಾವಾಗ ಬದಲಾಯಿಸಿದಿರಿ ಎಂದು. ಬೇರೆಯವರು ಬಳಸಿದ ಹಳೆಯ ಪಂಪಾಗಿದ್ದರೆ ಮೋಟಾರೇ ಸೋತಿರಲೂಬಹುದು.

ಪಂಪ್ ಒಂದಕ್ಕೇ ಬಿಟ್ಟರೆ ಮೊಲೆಯಲ್ಲಿ ಒಂದಿಷ್ಟು ಹಾಲು ಉಳಿದೇ ಉಳಿಯುತ್ತದೆ. ಕೈಯನ್ನೂ ಜೊತೆಗೆ ಬಳಸಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ವೈದ್ಯರು ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ತಾಯಂದಿರನ್ನು ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಪಂಪಿನ ಜೊತೆಗೆ ಕೈಯ ಕೆಲಸವನ್ನೂ ಕಲಿತು ಮಾಡಿದವರ ಹಾಲು ಗಮನಾರ್ಹವಾಗಿ ಹೆಚ್ಚಿತ್ತು. ಕ್ರಮ ಸರಳ. ಪಂಪ್ ಹಾಕುವ ಮುಂಚೆ ಎರಡು ನಿಮಿಷ ಮೊಲೆಯ ಮೇಲೆ ಬೆಚ್ಚಗಿನ ಒದ್ದೆ ಬಟ್ಟೆ ಇಟ್ಟು, ಅಂಗೈಯಿಂದ ಹಗುರವಾಗಿ ಹೊರಗಿನಿಂದ ತೊಟ್ಟಿನತ್ತ ಸವರಿ. ಕೈ ಬಿಡುವಿರಲೆಂದು ಫ್ಲ್ಯಾಂಜನ್ನು ಹಿಡಿದಿಡುವ ಒಳಉಡುಪು ಹಾಕಿಕೊಳ್ಳಿ. ಹಾಲು ಹರಿಯುತ್ತಿರುವಾಗ ಮೊಲೆಯನ್ನು ಬೆರಳುಗಳಿಂದ ಮೃದುವಾಗಿ ಒತ್ತಿ ಹಿಡಿದು, ಧಾರೆ ತಗ್ಗಿದಾಗ ಸಡಿಲಿಸಿ, ಬೇರೆ ಜಾಗಕ್ಕೆ ಹೋಗಿ. ಪಂಪ್ ನಿಲ್ಲಿಸಿದ ಮೇಲೆ ಮೂರು ನಾಲ್ಕು ನಿಮಿಷ ಕೈಯಿಂದಲೇ ಹಿಂಡಿ: ಹೆಬ್ಬೆರಳು ಮತ್ತು ತೋರುಬೆರಳನ್ನು ತೊಟ್ಟಿನ ಬುಡದಿಂದ ಸುಮಾರು ಒಂದು ಅಂಗುಲ ಹಿಂದಕ್ಕೆ ಇಟ್ಟು, ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಒಂದರತ್ತ ಒಂದು ತಂದು ಬಿಡಿ. ತೊಟ್ಟನ್ನು ಎಳೆಯಬಾರದು, ಚರ್ಮದ ಮೇಲೆ ಬೆರಳು ಜಾರಬಾರದು, ಗಟ್ಟಿಯಾಗಿ ನಾದಬಾರದು. ಹೀಗೆ ಕೊನೆಗೆ ಸಿಗುವ ನಾಲ್ಕಾರು ಮಿ.ಲೀ. ಅತ್ಯಂತ ಜಿಡ್ಡಿನ ಹಾಲು. ಮೊಲೆಗೆ ‘ಇನ್ನೂ ಬೇಕು’ ಎಂದು ಹೇಳಿಕಳಿಸುವುದೂ ಅದೇ.

ಹಾಲು ತಯಾರಾಗುವುದು ಒಂದು, ಅದು ಇಳಿಯುವುದು ಇನ್ನೊಂದು. ಹಸುವಿನ ಹಾಲು ಕರೆಯುವವರಿಗೆ ಇದು ಚೆನ್ನಾಗಿ ಗೊತ್ತು: ಹಸು ಸೊರೆ ಬಿಡದೆ ಎಷ್ಟು ಎಳೆದರೂ ಪಾತ್ರೆ ತುಂಬುವುದಿಲ್ಲ. ತಾಯಿಯಲ್ಲಿಯೂ ಆಕ್ಸಿಟೋಸಿನ್ ಎಂಬ ಹಾರ್ಮೋನು ಹಾಲಿನ ಚೀಲಗಳ ಸುತ್ತಲಿನ ಪುಟ್ಟ ಸ್ನಾಯುಕೋಶಗಳನ್ನು ಬಿಗಿಸಿ ಹಾಲನ್ನು ನಾಳಗಳಿಗೆ ದೂಡುತ್ತದೆ. ಮಗುವಿನ ಸ್ಪರ್ಶ, ವಾಸನೆ, ದನಿ ಇದನ್ನು ಪ್ರೇರಿಸುತ್ತವೆ. ನೋವು, ಚಳಿ, ಆತಂಕ, ಅವಸರ ಇದನ್ನು ತಡೆಯುತ್ತವೆ. ಬಾಟಲಿಯ ಗೆರೆಗಳನ್ನೇ ದಿಟ್ಟಿಸುತ್ತ ಕುಳಿತರೆ ಹಾಲು ತಡವಾಗಿ ಇಳಿಯುವುದಕ್ಕೆ ಇದೇ ಕಾರಣ. ಬಾಟಲಿಗೆ ಒಂದು ಕಾಲುಚೀಲ ತೊಡಿಸಿ ಮುಚ್ಚಿಬಿಡಿ ಎಂದು ನಾನು ಹೇಳುವುದುಂಟು. ನಗುತ್ತಾರೆ, ಆದರೆ ಕೆಲಸ ಮಾಡುತ್ತದೆ. ಹಾಲು ತೆಗೆಯುವ ವಿಧಾನಗಳ ಬಗ್ಗೆ ಅದುವರೆಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2016ರಲ್ಲಿ ಹೊರಬಂದ, ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ ಪರಾಮರ್ಶೆಯೂ, ಮನಸ್ಸನ್ನು ಹಗುರಗೊಳಿಸುವ ಸಂಗೀತ, ಮೊಲೆಗೆ ಶಾಖ, ಮೃದುವಾದ ಮಸಾಜು ಮುಂತಾದ ಖರ್ಚಿಲ್ಲದ ಉಪಾಯಗಳು ದುಬಾರಿ ಯಂತ್ರಗಳಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಫಲ ಕೊಡಬಲ್ಲವು ಎಂಬ ಅಭಿಪ್ರಾಯಕ್ಕೆ ಬಂದಿತ್ತು. ಪಂಪಿಗೆ ಕೂರುವ ಮುಂಚೆ ಮಗುವನ್ನು ಬರಿ ಮೈಯಲ್ಲಿ ನಿಮ್ಮ ಎದೆಯ ಮೇಲೆ ಅರ್ಧ ಗಂಟೆ ಮಲಗಿಸಿಕೊಳ್ಳಿ. ಮಗು ಬೇರೆ ಕೋಣೆಯಲ್ಲಿದ್ದರೆ ಅದು ಹೊದ್ದ ಬಟ್ಟೆಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಪಂಪಿನಲ್ಲಿ ಬೇಗ ಬೇಗ ಹಗುರವಾಗಿ ಎಳೆಯುವ ಒಂದು ಕ್ರಮವಿರುತ್ತದೆ. ಮೊದಲು ಅದರಲ್ಲಿಟ್ಟು, ಹಾಲಿನ ಧಾರೆ ಬಂದ ಮೇಲೆ ನಿಧಾನವಾಗಿ ಆಳವಾಗಿ ಎಳೆಯುವ ಕ್ರಮಕ್ಕೆ ಬದಲಾಯಿಸಿ. ಧಾರೆ ನಿಂತಾಗ ಮತ್ತೆ ಮೊದಲ ಕ್ರಮಕ್ಕೆ ಹೋದರೆ ಹಾಲು ಎರಡನೇ ಸಲವೂ ಇಳಿಯುತ್ತದೆ.

ಇಲ್ಲೊಂದು ಮಾತು ಸೇರಿಸಬೇಕು. ಕೆಲವರಿಗೆ ಹಾಲು ಇಳಿಯುವ ಒಂದರ್ಧ ನಿಮಿಷ ಮುಂಚೆ, ಕಾರಣವೇ ಇಲ್ಲದೆ, ಎದೆ ಕುಸಿದಂಥ ದುಃಖವೋ ಹೇಸಿಗೆಯೋ ಬಂದು ಕೆಲವು ನಿಮಿಷದಲ್ಲಿ ತಾನೇ ಹೋಗುತ್ತದೆ. ಅದು ಮನಸ್ಸಿನ ದೌರ್ಬಲ್ಯವಲ್ಲ, ಹಾರ್ಮೋನಿನ ಏರಿಳಿತಕ್ಕೆ ದೇಹ ತೋರುವ ಪ್ರತಿಕ್ರಿಯೆ. ಆದರೆ ದುಃಖ ದಿನವಿಡೀ ಇದ್ದು ಎರಡು ವಾರ ಕಳೆದರೂ ಹೋಗದಿದ್ದರೆ, ಮಗುವಿನ ಮೇಲೆ ಆಸೆಯೇ ಇಲ್ಲವೆನಿಸಿದರೆ, ಅದು ಬೇರೆ ವಿಷಯ. ಅದಕ್ಕೆ ಚಿಕಿತ್ಸೆಯಿದೆ, ವೈದ್ಯರ ಬಳಿ ಹೇಳಲೇಬೇಕು.

ದಿನಕ್ಕೊಮ್ಮೆ ಒಂದು ಗಂಟೆಯ ಪವರ್ ಪಂಪಿಂಗ್ ಎಂಬ ಕ್ರಮದ ಬಗ್ಗೆ ನೀವು ಕೇಳಿರಬಹುದು: ಇಪ್ಪತ್ತು ನಿಮಿಷ ಪಂಪ್, ಹತ್ತು ನಿಮಿಷ ಬಿಡುವು, ಹತ್ತು ಪಂಪ್, ಹತ್ತು ಬಿಡುವು, ಕೊನೆಗೆ ಹತ್ತು ಪಂಪ್. ಬೆಳವಣಿಗೆಯ ದಿನಗಳಲ್ಲಿ ಮಗು ಬಿಟ್ಟು ಬಿಟ್ಟು ಕುಡಿಯುವುದನ್ನು ಇದು ಅನುಕರಿಸುತ್ತದೆ. ಗಟ್ಟಿಯಾದ ಪುರಾವೆ ಕಡಿಮೆ, ತತ್ತ್ವ ಸರಿಯಾಗಿದೆ. ಎಂಟು ಸಲದ ಅಭ್ಯಾಸ ನೆಲೆಯಾದ ಮೇಲೆ ಬೆಳಗಿನ ಒಂದು ಸರದಿಯನ್ನು ಹೀಗೆ ಮಾಡಿ ಒಂದು ವಾರ ನೋಡಬಹುದು. ದಿನಕ್ಕೆ ಐದೇ ಸಲ ತೆಗೆಯುವವರು ಇದೊಂದನ್ನೇ ಸೇರಿಸಿಕೊಂಡರೆ ಪ್ರಯೋಜನ ಅಷ್ಟಕ್ಕಷ್ಟೆ.

ಈಗ ಊಟಕ್ಕೆ ಬರೋಣ. ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು 330ರಿಂದ 500 ಕ್ಯಾಲರಿಯಷ್ಟು ಹೆಚ್ಚಿನ ಆಹಾರ ಬೇಕು. ಹಸಿದಾಗ ಹೊಟ್ಟೆ ತುಂಬ ತಿನ್ನಿ, ತೂಕ ಇಳಿಸುವ ಪಥ್ಯ ಸದ್ಯಕ್ಕೆ ಬೇಡ. ಬಾಯಾರಿದಾಗ ನೀರು ಕುಡಿಯಿರಿ, ಪಂಪಿಗೆ ಕೂರುವಾಗ ಒಂದು ಲೋಟ ಪಕ್ಕದಲ್ಲಿರಲಿ. ಬಾಯಾರಿಕೆ ಮೀರಿ ಕುಡಿದ ನೀರು ಹಾಲಾಗುವುದಿಲ್ಲ. ಇದಕ್ಕಿಂತ ಹೆಚ್ಚಿನದನ್ನು ಊಟದಿಂದ ನಿರೀಕ್ಷಿಸಬೇಡಿ; ಯಾವ ಒಂದು ತಿನಿಸೂ, ಮೊಲೆ ಬರಿದಾಗದೆ, ಹಾಲನ್ನು ಹೆಚ್ಚಿಸಿಕೊಡಲಾರದು. ನೀವು ತೆಗೆದುಕೊಳ್ಳುತ್ತಿರುವ ಪುಡಿಯಲ್ಲಿ ಏನಿದೆ ಎಂದು ಡಬ್ಬಿಯ ಮೇಲೆ ಓದಿ ವೈದ್ಯರಿಗೆ ತೋರಿಸಿ. ಇಂಥ ಪುಡಿ, ಮಾತ್ರೆಗಳಲ್ಲಿ ಹೆಚ್ಚಾಗಿ ಇರುವುದು ಮೆಂತ್ಯ. ಅದರ ಬಗ್ಗೆ ನಡೆದ ಅಧ್ಯಯನಗಳು ಚಿಕ್ಕವು, ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ. ಮೆಂತ್ಯದ ಸಾರ ಹೆಚ್ಚಿನ ಪ್ರಮಾಣದಲ್ಲಿ ಹೊಟ್ಟೆಗೆ ಹೋದರೆ ಕೆಲವರಿಗೆ ಭೇದಿಯಾಗುತ್ತದೆ, ರಕ್ತದ ಸಕ್ಕರೆ ಇಳಿಯಬಹುದು. ಸಕ್ಕರೆ ಕಾಯಿಲೆಗೆ ಅಥವಾ ರಕ್ತ ತೆಳುವಾಗಿಸಲು ಔಷಧ ತೆಗೆದುಕೊಳ್ಳುವವರು, ಕಡಲೆಕಾಯಿಯ ಅಲರ್ಜಿ ಇರುವವರು ಎಚ್ಚರವಾಗಿರಬೇಕು.

ಹಾಲು ಹೆಚ್ಚಿಸುವ ಔಷಧಗಳೂ ಇವೆ. ಡೊಂಪೆರಿಡೋನ್ ಪ್ರೊಲ್ಯಾಕ್ಟಿನ್ ಪ್ರಮಾಣವನ್ನು ಏರಿಸುತ್ತದೆ. ಕೆಲವರಿಗೆ ಸಾಧಾರಣ ಮಟ್ಟದ ಪ್ರಯೋಜನ ಆಗುತ್ತದೆ. ಆದರೆ ಅದು ಹೃದಯದ ಬಡಿತದ ಲಯವನ್ನು ಕೆಡಿಸಬಹುದೆಂಬ ಕಾರಣಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿಯೇ ಹಾಲು ಹೆಚ್ಚಿಸಲು ಅದನ್ನು ಬಳಸಬಾರದೆಂದು ಎಚ್ಚರಿಸಿದೆ. ಬೇರೆ ಕೆಲವು ದೇಶಗಳಲ್ಲಿ ವೈದ್ಯರು ಹೃದಯದ ಇತಿಹಾಸವನ್ನೂ ಇತರ ಔಷಧಗಳನ್ನೂ ವಿಚಾರಿಸಿಕೊಂಡು ಬರೆಯುವುದುಂಟು. ಇದೇ ಉದ್ದೇಶಕ್ಕೆ ಕೊಡುವ ಇನ್ನೊಂದು ಔಷಧ ಮೆಟೊಕ್ಲೊಪ್ರಮೈಡ್ ಖಿನ್ನತೆಯನ್ನು ತರಬಲ್ಲದು, ಬಾಣಂತಿಯ ಮಟ್ಟಿಗೆ ಅದು ಸಣ್ಣ ಮಾತಲ್ಲ. ಇವೆರಡನ್ನೂ ಸ್ವಂತವಾಗಿ ಅಂಗಡಿಯಿಂದ ತಂದು ತೆಗೆದುಕೊಳ್ಳಬಾರದು, ವೈದ್ಯರು ಕೊಟ್ಟಿದ್ದರೆ ಹೇಳದೆ ಕೇಳದೆ ಒಮ್ಮೆಲೇ ನಿಲ್ಲಿಸಲೂಬಾರದು. ಹಾಲು ತೆಗೆಯುವ ಕ್ರಮ ಸರಿಯಾಗಿದ್ದೂ ಫಲ ಸಿಗದವರಿಗೆ ಮಾತ್ರ ಈ ಔಷಧಗಳ ಯೋಚನೆ. ನೀವಿನ್ನೂ ಆ ಹಂತಕ್ಕೆ ಬಂದಿಲ್ಲ.

ಹೆಚ್ಚಿಸುವ ಔಷಧಕ್ಕಿಂತ ಇಳಿಸುವ ಔಷಧದ ಬಗ್ಗೆ ತಿಳಿದಿರುವುದು ಹೆಚ್ಚು ಉಪಯೋಗಕರ. ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ, ಮೂಗು ಕಟ್ಟಿದಾಗ ಕೊಡುವ ಸೂಡೊಎಫೆಡ್ರಿನ್ ಇರುವ ಶೀತದ ಮಾತ್ರೆ, ಪ್ರೊಲ್ಯಾಕ್ಟಿನ್ ತಗ್ಗಿಸುವ ಕ್ಯಾಬರ್ಗೊಲಿನ್, ಇವು ಹಾಲನ್ನು ತಗ್ಗಿಸುತ್ತವೆ. ತಂಬಾಕು, ಮದ್ಯ ಎರಡೂ ಹಾಗೆಯೇ.

ನಿಮ್ಮ ಗೆಳತಿಯ 150 ಮಿ.ಲೀ. ವಿಷಯ. ಒಂದು ಮೊಲೆ ಒಮ್ಮೆಗೆ ಎಷ್ಟು ಹಾಲನ್ನು ಹಿಡಿದಿಡಬಲ್ಲದು ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಹೊರಗೆ ಕಾಣುವ ಗಾತ್ರಕ್ಕೂ ಅದಕ್ಕೂ ಹೆಚ್ಚು ಸಂಬಂಧವಿಲ್ಲ. ಹೆಚ್ಚು ಹಿಡಿಯುವವರು ಆರು ಸಲ ತೆಗೆದರೂ ಸಾಕಾದೀತು, ಕಡಿಮೆ ಹಿಡಿಯುವವರು ಒಂಬತ್ತು ಸಲ ತೆಗೆಯಬೇಕಾದೀತು. ದಿನದ ಕೊನೆಗೆ ಇಬ್ಬರ ಮೊತ್ತವೂ ಒಂದೇ ಆಗಬಹುದು. ಆದ್ದರಿಂದ ಒಂದು ಸಲದ್ದನ್ನು ಅಳೆದು ನಿರಾಶರಾಗಬೇಡಿ. ಸಂಜೆಯ ಹೊತ್ತು ಬೆಳಗಿನ ಅರ್ಧದಷ್ಟೇ ಬಂದರೂ ಅದು ಸಹಜ. ಒಂದು ಪುಸ್ತಕದಲ್ಲಿ 24 ಗಂಟೆಯ ಮೊತ್ತವನ್ನು ಬರೆದಿಟ್ಟು, ಮೂರು ದಿನದ ಸರಾಸರಿಯನ್ನು ಹಿಂದಿನ ಮೂರು ದಿನದ ಸರಾಸರಿಗೆ ಹೋಲಿಸಿ. ಹೊಸ ಕ್ರಮ ಪ್ರಾರಂಭಿಸಿದ ಮೊದಲ ಮೂರು ನಾಲ್ಕು ದಿನ ಪ್ರತಿ ಸಲವೂ ಮೊದಲಿಗಿಂತ ಕಡಿಮೆಯೇ ಬರುತ್ತದೆ, ಅಂತರ ಕಡಿಮೆಯಾಗಿದೆಯಲ್ಲ. ಮೊತ್ತ ಏರತೊಡಗಲು ಒಂದು ವಾರ ಹಿಡಿಯಬಹುದು. ಎರಡು ವಾರಕ್ಕೆ ಮುಂಚೆ ತೀರ್ಪು ಕೊಡಬೇಡಿ.

ಎಷ್ಟು ಬಂದರೆ ಸಾಕು? ಈ ವಯಸ್ಸಿಗೆ ಒಂದು ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 150 ಮಿ.ಲೀ. ಎಂಬುದು ಸ್ಥೂಲವಾದ ಲೆಕ್ಕ. ನಿಮ್ಮ ಮಗಳಿಗೆ ಸದ್ಯಕ್ಕೆ 450 ಮಿ.ಲೀ. ಆಸುಪಾಸು. ಅಂದರೆ ಕೊರತೆ ನೂರು, ನೂರಮೂವತ್ತು ಮಿ.ಲೀ. ಮಾತ್ರ. ಮುಂದೆ ಒಂದು ತಿಂಗಳಿಂದ ಆರು ತಿಂಗಳವರೆಗೆ ಎದೆಹಾಲು ಮಾತ್ರ ಕುಡಿಯುವ ಮಕ್ಕಳು ದಿನಕ್ಕೆ ಸರಾಸರಿ 750ರಿಂದ 800 ಮಿ.ಲೀ. ಕುಡಿಯುತ್ತಾರೆ, ಕೆಲವರು 500ಕ್ಕೇ ತೃಪ್ತರು, ಕೆಲವರಿಗೆ ಸಾವಿರವೂ ಬೇಕು. ಆ ಮಟ್ಟ ಮುಟ್ಟಿದ ಮೇಲೆ, ಫಾರ್ಮುಲಾ ಕುಡಿಯುವ ಮಗುವಿನ ಹಾಗೆ ತಿಂಗಳು ತಿಂಗಳಿಗೂ ಪ್ರಮಾಣ ಏರುತ್ತಲೇ ಹೋಗಬೇಕಿಲ್ಲ ಎಂಬುದು ನಿಮಗೆ ಸಮಾಧಾನದ ಸಂಗತಿ. ಐದನೇ ವಾರದಲ್ಲಿ ಮೊಲೆ ಬೇಡಿಕೆಗೆ ಇನ್ನೂ ಚೆನ್ನಾಗಿ ಸ್ಪಂದಿಸುತ್ತದೆ. ತಿಂಗಳುಗಳು ಕಳೆದಷ್ಟೂ ಅದು ನಿಧಾನವಾಗುತ್ತದೆ. ಪಂಪ್ ಮಾಡಿಯೇ ಸಾಕಾಗುವಷ್ಟು ಹಾಲು ಬರುವುದುಂಟೆ ಎಂದು ಕೇಳಿದ್ದೀರಿ. ಉಂಟು, ನಿಮ್ಮ ವಿಷಯದಲ್ಲಿ ಅದರ ಸಾಧ್ಯತೆ ಹೆಚ್ಚಾಗಿಯೇ ಇದೆ.

ಅಲ್ಲಿಯವರೆಗೆ ಫಾರ್ಮುಲಾ ನಿಲ್ಲಿಸಬೇಡಿ, ಡಬ್ಬಿಯ ಮೇಲೆ ಹೇಳಿದ್ದಕ್ಕಿಂತ ತೆಳ್ಳಗೆ ಕಲಸಲೂ ಬೇಡಿ. ನಿಮ್ಮ ಹಾಲು ಏರಿದಷ್ಟೇ ಅದನ್ನು ಇಳಿಸುತ್ತ ಬನ್ನಿ. ಮಗು ದಿನಕ್ಕೆ ಆರು ಅಥವಾ ಹೆಚ್ಚು ಸಲ ಚೆನ್ನಾಗಿ ಮೂತ್ರ ಮಾಡುತ್ತಿದ್ದು, ದಿನಕ್ಕೆ 20ರಿಂದ 30 ಗ್ರಾಂನಷ್ಟು ತೂಕ ಏರುತ್ತಿದ್ದರೆ ಹೊಟ್ಟೆ ತುಂಬುತ್ತಿದೆ ಎಂದು ತಿಳಿಯಿರಿ. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಗಿಸಿ.

36 ವಾರಕ್ಕೆ ಹುಟ್ಟಿದ ಮಗು ಎರಡು ನಿಮಿಷಕ್ಕೆ ನಿದ್ದೆ ಹೋಗುವುದು ಮೊಲೆಯನ್ನು ಒಲ್ಲದೆ ಅಲ್ಲ, ಆಯಾಸದಿಂದ. ಅವಳು ಹುಟ್ಟಬೇಕಿದ್ದ ದಿನ ಕಳೆದದ್ದೇ ಈಗ. ಇನ್ನು ಮುಂದೆ ಬಲ ಬರುತ್ತದೆ. ದಿನಕ್ಕೆ ಎರಡು ಮೂರು ಸಲ, ಹೊಟ್ಟೆ ಪೂರಾ ಹಸಿದು ಅಳುವ ಮುಂಚೆ, ಅರೆನಿದ್ದೆಯಲ್ಲಿರುವಾಗ ಮೊಲೆಗೆ ಹಾಕಿಕೊಳ್ಳಿ. ಸ್ವಲ್ಪ ಹಾಲು ಪಂಪ್ ಮಾಡಿ ಧಾರೆ ಪ್ರಾರಂಭವಾದ ಮೇಲೆ ಹಾಕಿಕೊಂಡರೆ ಅವಳಿಗೆ ಶ್ರಮ ಕಡಿಮೆ. ಬಾಟಲಿಗೆ ನಿಧಾನವಾಗಿ ಹರಿಯುವ ನಿಪ್ಪಲ್ ಹಾಕಿ, ಮಗುವನ್ನು ನೆಟ್ಟಗೆ ಕೂರಿಸಿಕೊಂಡಂತೆ ಹಿಡಿದು, ನಡುನಡುವೆ ಬಿಡುವು ಕೊಟ್ಟು ಕುಡಿಸಿದರೆ ಬಾಟಲಿಯ ಸಲೀಸಿಗೆ ಒಗ್ಗಿ ಮೊಲೆಯನ್ನು ಬೇಡವೆನ್ನುವ ಸಂಭವ ತಗ್ಗುತ್ತದೆ. ಅವಳು ಕುಡಿದರೂ ಕುಡಿಯದಿದ್ದರೂ, ಸದ್ಯಕ್ಕೆ, ಆಮೇಲೆ ಪಂಪ್ ಮಾಡುವುದನ್ನು ಬಿಡಬೇಡಿ. ನಾಲಿಗೆಯ ಕೆಳಗಿನ ಪಟ್ಟಿ ಬಿಗಿಯಾಗಿದೆಯೇ ಎಂದು ಶಿಶುವೈದ್ಯರು ಒಮ್ಮೆ ನೋಡಲಿ.

ತೆಗೆದ ಹಾಲನ್ನು 25 ಡಿಗ್ರಿಯವರೆಗಿನ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ ನಾಲ್ಕು ದಿನ, ಫ್ರೀಜರಿನಲ್ಲಿ ಸುಮಾರು ಆರು ತಿಂಗಳು ಇಡಬಹುದು. ಬಾಗಿಲಿನ ತಟ್ಟೆಯಲ್ಲಿ ಇಡಬೇಡಿ, ಮೈಕ್ರೋವೇವಿನಲ್ಲಿ ಬಿಸಿ ಮಾಡಬೇಡಿ. ಅವಧಿಗೆ ಮುನ್ನ ಹುಟ್ಟಿದ, ಎರಡು ತಿಂಗಳೂ ತುಂಬದ ಮಗುವಾದ್ದರಿಂದ ಪಂಪಿನ ಭಾಗಗಳನ್ನು ಪ್ರತಿ ಸಲವೂ ತೊಳೆಯಬೇಕು, ದಿನಕ್ಕೊಮ್ಮೆ ಕುದಿಸಬೇಕು. ಎಂಟು ಸಲ ತೊಳೆಯುವ ಕೆಲಸವನ್ನು ಮನೆಯವರು ಯಾರಾದರೂ ವಹಿಸಿಕೊಂಡರೆ ಅದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ.

ಅತಿಯೂ ಬೇಡ. ಮಗುವಿಗೆ ಬೇಕಾದಷ್ಟು, ಅದರ ಮೇಲೆ ಸ್ವಲ್ಪ ಬಂದ ಮೇಲೆ ಇನ್ನಷ್ಟು ಏರಿಸುವ ಪ್ರಯತ್ನ ನಿಲ್ಲಿಸಿ, ನಿಧಾನವಾಗಿ ಆರಕ್ಕೋ ಏಳಕ್ಕೋ ಇಳಿಸಿ ಮೊತ್ತ ನಿಲ್ಲುತ್ತದೆಯೇ ನೋಡಿ. ಅಗತ್ಯಕ್ಕಿಂತ ಹೆಚ್ಚು ಹಾಲು ಮೊಲೆ ಬಾತುಕೊಳ್ಳಲು ದಾರಿ. ಮೊಲೆಯಲ್ಲಿ ಗಂಟು, ಕೆಂಪು, ನೋವು ಕಂಡರೆ ಮಾಮೂಲಿನಷ್ಟೇ ತೆಗೆಯಿರಿ, ಹೆಚ್ಚು ಸಲ ಬೇಡ, ಒತ್ತಿ ತಿಕ್ಕುವುದು ಬೇಡ. ತಣ್ಣನೆಯ ಪಟ್ಟಿ ಇಡಿ. ಜ್ವರ ಬಂದರೆ ಅಥವಾ ಒಂದು ದಿನದಲ್ಲಿ ಕಡಿಮೆಯಾಗದಿದ್ದರೆ ವೈದ್ಯರಲ್ಲಿಗೆ ಹೋಗಿ.

ಎರಡು ವಾರ ಎಂಟು ಸಲ ಸರಿಯಾಗಿ ತೆಗೆದ ಮೇಲೂ ಮೊತ್ತ 350 ದಾಟದಿದ್ದರೆ ದೋಷವನ್ನು ನಿಮ್ಮ ಮೇಲೆ ಹೊರಿಸಿಕೊಳ್ಳದೆ ಪರೀಕ್ಷೆ ಮಾಡಿಸಿಕೊಳ್ಳಿ. ಥೈರಾಯ್ಡ್, ರಕ್ತಹೀನತೆ, ಸಕ್ಕರೆ ಕಾಯಿಲೆ, ಪಿ.ಸಿ.ಓ.ಎಸ್. (ಅಂಡಾಶಯದ ಹಾರ್ಮೋನಿನ ಏರುಪೇರು), ಹೆರಿಗೆಯಲ್ಲಿ ಆದ ಅತಿಯಾದ ರಕ್ತಸ್ರಾವ, ಗರ್ಭಕೋಶದಲ್ಲಿ ಉಳಿದ ಮಾಸಿನ ಚೂರು, ಹಿಂದೆ ಆಗಿದ್ದ ಮೊಲೆಯ ಶಸ್ತ್ರಚಿಕಿತ್ಸೆ, ಇವುಗಳಲ್ಲಿ ಯಾವುದಾದರೂ ಹಾಲನ್ನು ತಡೆದಿರಬಹುದು, ಹೆಚ್ಚಿನವಕ್ಕೆ ಚಿಕಿತ್ಸೆಯುಂಟು. ಬಸುರಿಯಾಗಿದ್ದಾಗ ಮೊಲೆಗಳಲ್ಲಿ ಯಾವ ಬದಲಾವಣೆಯೂ ಕಂಡಿರಲಿಲ್ಲ ಎಂದಾದರೆ ಅದನ್ನೂ ವೈದ್ಯರಿಗೆ ಹೇಳಿ, ಹಾಲಿನ ಗ್ರಂಥಿಯೇ ಕಡಿಮೆ ಬೆಳೆದಿರುವ ಸಾಧ್ಯತೆ ಇರುತ್ತದೆ. ಹಾಗಿದ್ದಲ್ಲಿ 350 ಮಿ.ಲೀ. ಎದೆಹಾಲು, ಉಳಿದದ್ದು ಫಾರ್ಮುಲಾ ಎಂಬ ಈಗಿನ ಏರ್ಪಾಡೇ ಮುಂದುವರಿಯಬಹುದು, ಮಗು ಅದರಲ್ಲಿಯೂ ಚೆನ್ನಾಗಿ ಬೆಳೆಯುತ್ತದೆ. ವೈದ್ಯರ ಬಳಿ ಹೋಗುವಾಗ 24 ಗಂಟೆಯ ಮೊತ್ತ ಬರೆದಿಟ್ಟ ಪುಸ್ತಕವನ್ನೂ, ಪಂಪನ್ನೂ ಜೊತೆಗೆ ಕೊಂಡೊಯ್ಯಿರಿ. ಅವರ ಮುಂದೆಯೇ ಒಮ್ಮೆ ಹಾಕಿಕೊಂಡು ತೋರಿಸಿದರೆ ಫ್ಲ್ಯಾಂಜಿನ ಅಳತೆ ಸರಿಯಿದೆಯೇ ಎಂಬುದು ಅಲ್ಲಿಯೇ ತಿಳಿಯುತ್ತದೆ.